ಉಪವಾಸ ಮುರಿದ ಪ್ಯಾರಾಮೀಸಿಯಂ

ಕಣ್ಣಿಗೆ ಕಾಣದ ಜೀವಿಯ ಬೆನ್ನು ಹತ್ತಿದವರಿಗೆ ಕಣ್ಣಿಗೆ ಕಾಣುವ ಮನುಷ್ಯರ ಕಾಟ ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಕೊಪ್ಪಳದ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಅಂದರೆ ಬಾ ಅಂದಾಗ ಬಂದು, ಸಾಕು ಅಂದಾಗ ಎದ್ದು ಹೋಗುವವಳು. ಪಾಠದ ಜೊತೆಗೆ ಒಂದು ಸಂಶೋಧನೆಯೂ ಇತ್ತು. ಪ್ಯಾರಾಮೀಸಿಯಂ ಎಂಬ ಒಂದೇ ಕೋಶದ ಜೀವಿಯ ಡಿಎನ್‌ಎ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಇದೆಯೋ ಇಲ್ಲವೋ ನೋಡುವುದು. ನಮ್ಮ ನಿಮ್ಮ ಡಿಎನ್‌ಎ ಮೇಲೆ ಅದು ಇದೆ. ಯಾವ ಜೀನ್ ಬಾಯಿ ಮುಚ್ಚಿಕೊಂಡಿರಬೇಕು ಎಂಬುದರಲ್ಲಿ ಅದರ ಕೈವಾಡವೂ ಇದೆ. ಅತಿಥಿ ಉಪನ್ಯಾಸಕರ ಬಾಯಿ ಮುಚ್ಚಿಸಲು ಅಷ್ಟೆಲ್ಲ ಬೇಕಿಲ್ಲ, ವಿಭಾಗದ ಮುಖ್ಯಸ್ಥರ ಒಂದು ಮಾತು ಸಾಕು.

"ಫಲಿತಾಂಶ ಛಲೋ ಬಂದ್ರ ಬರೂ ವರ್ಷನೂ ನೀವ ಇರ್ತೀರಿ ಮೇಡಂ," ಅಂದಿದ್ದರು. ಛಲೋ ಅಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಕಾಲುವೆಯ ಕೊನೆಯಲ್ಲಿ

ಗಂಗಾವತಿ ಕಡೆ ಕಾಲುವೆಯ ಕೊನೆಯ ತುದಿಗೆ ಹೋಗಿ, ತಗ್ಗಿನಲ್ಲಿ ನಿಂತ ಹಸಿರು ನೀರನ್ನು ಬಾಟಲಿಗೆ ತುಂಬುತ್ತಿದ್ದೆ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ, ಎದ್ದು ಬಂದರು.

"ಏನ್ ಮಾಡಾಕತ್ತೀಯವ್ವಾ?"

"ಈ ನೀರಾಗ ಏನೇನ್ ಐತಿ ಅಂತ ನೋಡಾಕ ಬಂದೀನ್ರಿ ಯಜ್ಜಾ."

ಅವರು ಒಣಗಿದ ಕಾಲುವೆಯ ಕಡೆ ಒಮ್ಮೆ ನೋಡಿದರು, ನನ್ನ ಬಾಟಲಿಯ ಕಡೆ ಒಮ್ಮೆ ನೋಡಿದರು.

"ನೀರಾಗ ಏನೈತಿ ಅಂತ ಆಮ್ಯಾಲ ನೋಡೂಣಂತ. ಮೊದ್ಲ ಕಾಲುವಿಯಾಗ ನೀರು ಯಾವಾಗ ಇರ್ತೈತಿ ಹೇಳು. ಇದ್ದದ್ದೊಂದು ತಗ್ಗು, ಅದನ್ನೂ ತುಂಬ್ಕೊಂಡು ಹೊಂಟಿ!"

ಕುಷ್ಟಗಿಯಿಂದ ಬಂದವರು

ಯಲಬುರ್ಗಾದ ನಮ್ಮ ಮನೆಗೆ ಕುಷ್ಟಗಿಯಿಂದ ಹೆಣ್ಣು ನೋಡಲು ಬಂದಿದ್ದರು. ಮಾತು ಛಲೋ ನಡೆದಿತ್ತು. ಅಷ್ಟರಲ್ಲಿ ಅವ್ವ ಹೆಮ್ಮೆಯಿಂದ, "ನಮ್ಮಾಕಿ ಡಿಎನ್‌ಎ ಟೆಸ್ಟ್ ಮಾಡ್ತಾಳ್ರಿ," ಅಂದಳು.

ಹುಡುಗನ ತಾಯಿ ಮಂಡಕ್ಕಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ತಂದೆ ಗಂಟಲು ಸರಿಮಾಡಿಕೊಂಡು, "ಯಾರ್ದು ಮಾಡ್ತೀಯವ್ವಾ?" ಎಂದು ಕೇಳಿದರು.

"ನೀರಾಗಿನ ಸಣ್ಣ ಜೀವಿದ್ರಿ," ಅಂದೆ. ಅವರ ಮುಖ ಮಾತ್ರ ಮತ್ತೆ ಅರಳಲಿಲ್ಲ.

ಮರುದಿನ ಸಂಬಂಧ ತಂದಿದ್ದ ಮಾಮ ಬಂದು ಹೇಳಿದ: "ಹುಡುಗಿ ಛಲೋ ಅದಾಳಂತ. ಆದ್ರ ಇವತ್ತು ನೀರಾಗಿನ ಹುಳದ್ದು ಮಾಡಾಕಿ ನಾಳೆ ಮನಿಮಂದೀದು ಮಾಡಿದ್ರ ನಮ್ಮ ಗತಿ ಏನು ಅಂತಾರ."

ಅವ್ವ ಸೊಪ್ಪು ಸೋಸುತ್ತ ಕೂತಿದ್ದಳು. "ಹೋಗ್ಲಿ ಬಿಡೋ ಯಪ್ಪಾ," ಅಂದಳು. "ಟೆಸ್ಟ್ ಮಾಡ್ಲಾರದನ ಆ ಮನಿ ಫಲಿತಾಂಶ ಗೊತ್ತಾತು."

ಶಾಲು

ಪ್ಯಾರಾಮೀಸಿಯಂ ತಿನ್ನುವುದು ಬ್ಯಾಕ್ಟೀರಿಯಾವನ್ನು. ಆ ಬ್ಯಾಕ್ಟೀರಿಯಾದ ಡಿಎನ್‌ಎ ಮೇಲೂ ಮಿಥೈಲ್ ಗುರುತು ಇರಬಹುದು. ಹೊಟ್ಟೆ ತುಂಬಿದ್ದಾಗ ಪರೀಕ್ಷೆ ಮಾಡಿದರೆ, ಸಿಕ್ಕ ಗುರುತು ಉಂಡವನದೋ ಊಟದ್ದೋ ತಿಳಿಯುವುದಿಲ್ಲ. ಅದಕ್ಕೇ ಮೊದಲು ತೊಳೆದು, ಶುದ್ಧ ನೀರಿನಲ್ಲಿ ಉಪವಾಸ ಇಡಬೇಕು. ನಾನೂ ಇಟ್ಟೆ. ಯಾರೂ ಮುಟ್ಟದಿರಲಿ ಎಂದು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ 'ಉಪವಾಸ' ಎಂದು ಬರೆದೆ.

ಪರೀಕ್ಷೆಯಲ್ಲಿ ಗುರುತು ಇದ್ದರೆ ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಕಾಡಿಗೆ ಹಚ್ಚಿದಂತೆ ಮೂಡಿತು. "ಇನ್ನೊಮ್ಮೆ ಮಾಡಿ ನೋಡೋಣ್ರಿ ಸರ್," ಅಂದೆ. ಅಷ್ಟರಲ್ಲಿ ಮುಖ್ಯಸ್ಥರು ಸನ್ಮಾನದ ದಿನವನ್ನೇ ಗೊತ್ತುಮಾಡಿದ್ದರು.

ಶಾಲು ಅವರಿಗೆ, ಹಾರ ಅವರಿಗೆ. ಬಂದ ಅತಿಥಿಗಳು ಮೈಕ್ ಹಿಡಿದು, "ಈ ಹುಳಾನ ಕಂಡುಹಿಡಿದವರ ನಮ್ಮ ಸಾಹೇಬ್ರು," ಎಂದರು. ಸಾಹೇಬರು ತಲೆ ತಗ್ಗಿಸಿ ಒಪ್ಪಿಕೊಂಡರು. ನನಗೂ ವೇದಿಕೆ ಸಿಕ್ಕಿತ್ತು, ಹಾರದ ತಟ್ಟೆ ಹಿಡಿಯುವುದಕ್ಕೆ.

ಫಳಾರ

ಮರುದಿನ ಪ್ರಯೋಗಾಲಯಕ್ಕೆ ಬೇಗ ಬಂದೆ. ಕಸ ಗುಡಿಸುವ ಆಯಾ ನನ್ನ ಬಾಟಲಿಯ ಮುಚ್ಚಳ ತೆಗೆದು, ಚಮಚದಿಂದ ಏನೋ ಹಾಕುತ್ತಿದ್ದಳು.

"ಯವ್ವಾ! ಏನ್ ಹಾಕಾಕತ್ತೀ?"

"ಸಾಬೂದಾಣಿ ಗಂಜಿರಿ ಅಕ್ಕಾರ. ನೀವ ಉಪವಾಸ ಅಂತ ಬರದೀರಿ. ಅದಕ್ಕ ಅನ್ನದ ಒಂದು ಅಗಳೂ ಮುಟ್ಟಿಸಿಲ್ಲ. ದಿನಾ ಬರೇ ಫಳಾರ!"

ಅಂದರೆ ಗಂಜಿ ಉಂಡು ಬ್ಯಾಕ್ಟೀರಿಯಾ ಬೆಳೆದಿತ್ತು, ಬ್ಯಾಕ್ಟೀರಿಯಾ ಉಂಡು ಪ್ಯಾರಾಮೀಸಿಯಂ ಕೊಬ್ಬಿತ್ತು, ಅದರ ಮೇಲೆ ನಮ್ಮ ಸಾಹೇಬರು ಶಾಲು ಹೊದ್ದಿದ್ದರು. ಆಕೆಗೆ ಬೈದೆ. ಈ ಸಲ ನಿಜವಾಗಿ ಉಪವಾಸ ಕೆಡವಿ, ಬೀಗ ಹಾಕಿ, ಮತ್ತೆ ಪರೀಕ್ಷೆ ಮಾಡಿದೆ. ಹಾಳೆಯ ಮೇಲೆ ಹೋಲಿಕೆಗೆಂದು ಬ್ಯಾಕ್ಟೀರಿಯಾದ ಡಿಎನ್‌ಎ ಹಾಕಿದ ಕಡೆ ಕಪ್ಪು ಚುಕ್ಕೆ. ಪ್ಯಾರಾಮೀಸಿಯಂನದು ಹಾಕಿದ ಕಡೆ ಬರೀ ಬಿಳಿ.

ಹಾಳೆ ಹಿಡಿದು ಮುಖ್ಯಸ್ಥರ ಬಳಿ ಓಡಿದೆ. "ಸರ್, ಚುಕ್ಕಿ ಹೋತ್ರಿ. ಅದು ಊಟದ್ದಿತ್ತು."

"ಚುಕ್ಕಿ ಹೋದ್ರ ಹೋಗ್ಲಿ. ಹೊದಿಸಿದ ಶಾಲು ವಾಪಸ್ ಕೊಡಾಕ ಬರ್ತೈತೇನ್ರಿ?" ಅಂದರು. ಆಮೇಲೆ ದನಿ ತಗ್ಗಿಸಿದರು. "ಹಸದ ಹೊಟ್ಟಿ ಮ್ಯಾಲ ಯಾವ ಜೀವಿ ನೆಟ್ಟಗ ಉತ್ತರ ಕೊಡ್ತೈತಿ ಮೇಡಂ? ಉಣ್ಣಾಕ ಹಾಕಿ ಟೆಸ್ಟ್ ಮಾಡ್ರಿ."

ಆಗುವುದಿಲ್ಲ ಅಂದೆ. ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಛಲೋ ಅಂದರೆ ಏನೆಂದು ಆಗ ತಿಳಿಯಿತು.

ಯಲಬುರ್ಗಾದಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಆಯಾಳ ಫೋನ್ ಬಂತು. ದನಿಯಲ್ಲಿ ಗಾಬರಿ.

"ಅಕ್ಕಾರ, ನಿಮ್ಮ ಬಾಟ್ಲಿಗೆ ದಿನಾ ತಪ್ಪದ ಫಳಾರ ಹಾಕು ಅಂತ ಸಾಹೇಬ್ರು ನನಗ ಆರ್ಡರ್ ಮಾಡ್ಯಾರ್ರಿ. ಹಾಕಿದ್ದಕ್ಕ ನೀವು ಬೈದ್ರಿ, ಹಾಕ್ಲಿಲ್ಲಂದ್ರ ಅವ್ರು ಬೈತಾರ. ಅವು ಉಪವಾಸ ಮಾಡ್ಬೇಕೋ ಬ್ಯಾಡೋ, ನೀವ ಹೇಳ್ರಿ."

"ಹಾಕ ಯವ್ವಾ," ಅಂದೆ. "ಅವುಗಳ ಪಾಲಿನ ಉಪವಾಸ ಈಗ ನಾ ಮಾಡಾಕತ್ತೀನಿ."