ಐದು ತಿಂಗಳ ಅಂತರದ ಅಣ್ಣ

ನಾನು ನಾನೇ ಎಂದು ಸಾಬೀತುಪಡಿಸುವುದು ಇಷ್ಟು ಕಷ್ಟವೆಂದು ಮೊದಲೇ ಗೊತ್ತಿದ್ದರೆ ಬೇರೆ ಯಾರಾದರೂ ಆಗಿಬಿಡುತ್ತಿದ್ದೆ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಊರ ಮಕ್ಕಳಿಗೆಲ್ಲ ಟಿ.ಸಿ. ಬರೆದುಕೊಟ್ಟವನು ನಾನು. ನನ್ನದೇ ಕಾಗದ ಕೇಳಿದಾಗ ಬೆವರಿದೆ. ಕೇಳಿದವರು ಕೆನಡಾದವರು. ನನ್ನ ಹೆಂಡತಿ ಗಿರಿಜಾ ಹಿರಿಯೂರಿನಲ್ಲಿ ನರ್ಸ್ ಆಗಿದ್ದವಳು, ಎರಡು ವರ್ಷದ ಹಿಂದೆ ಕೆನಡಾದ ಆಸ್ಪತ್ರೆಯೊಂದಕ್ಕೆ ಸೇರಿದಳು. ಈಗ ನನ್ನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಚಹಾದಂಗಡಿಯಲ್ಲಿ "ಏನಪ್ಪ, ಹೆಂಡ್ತಿ ನಿನ್ನ ಮನೆ ತುಂಬಿಸ್ಕಳೋದು ಯಾವಾಗ?" ಎಂದು ಗೇಲಿ ಮಾಡುವವರಿದ್ದರು. ಎರಡು ವರ್ಷ ಒಬ್ಬನೇ ಅನ್ನ ಸಾರು ಬೇಯಿಸಿ ಉಂಡವನಿಗೆ ಗೇಲಿ ತಾಗುವುದಿಲ್ಲ. ನನಗೆ ಅವಳ ಹತ್ತಿರ ಹೋಗಬೇಕಿತ್ತು, ಅಷ್ಟೇ.

ಅರ್ಜಿಯಲ್ಲಿ ಒಡಹುಟ್ಟಿದವರ ಜನ್ಮದಿನಾಂಕವನ್ನೂ ಬರೆಯಬೇಕಿತ್ತು. ನನ್ನದು ಜೂನ್ ಒಂದು. ತಮ್ಮ ರುದ್ರೇಶನದು ಅದೇ ವರ್ಷದ ನವೆಂಬರ್ ಒಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿಕೊಂಡು ಗುಂಡಗೆ ಬರೆದು ಕಳಿಸಿದೆ. ಮೂರು ತಿಂಗಳಿಗೆ ಕಾಗದ ಬಂತು: ಒಬ್ಬ ತಾಯಿ ಐದು ತಿಂಗಳ ಅಂತರದಲ್ಲಿ ಇಬ್ಬರನ್ನು ಹೆತ್ತದ್ದು ಹೇಗೆ? ಅರವತ್ತು ದಿನದೊಳಗೆ ವಿವರಿಸದಿದ್ದರೆ ಅರ್ಜಿ ವಜಾ.

ಆ ಸಾಹೇಬರಿಗೆ ಏನೆಂದು ವಿವರಿಸಲಿ? ನಮ್ಮೂರು ಮಾಡದಕೆರೆಯಲ್ಲಿ ನಾವು ಹುಡುಗರಾಗಿದ್ದಾಗ ಹುಟ್ಟಿದ ದಿನವನ್ನು ನಿರ್ಧರಿಸುತ್ತಿದ್ದವರು ಹೆತ್ತವರಲ್ಲ, ಮೇಷ್ಟ್ರು. ಬಲಗೈ ತಲೆಯ ಮೇಲಿಂದ ಬಂದು ಎಡಗಿವಿ ಮುಟ್ಟಿದರೆ ಆರು ವರ್ಷ. ನಾನೋ ಶಾಲೆಯೆಂದರೆ ಹುಣಸೆಮರ ಹತ್ತಿ ಕೂರುತ್ತಿದ್ದವನು. ಕೊನೆಗೆ ಅಪ್ಪ ನನ್ನನ್ನೂ ತಮ್ಮನನ್ನೂ ಒಂದೇ ದಿನ ಎಳೆದೊಯ್ದು ನಿಲ್ಲಿಸಿದ. ನನ್ನ ಕೈ ಕಿವಿ ದಾಟಿ ಕೆನ್ನೆಗೆ ಬಂದಿತ್ತು. "ಒಂದ್ನೇ ಕ್ಲಾಸಿಗೆ ಇವ್ನು ಕೋಣ ಆದ. ವಯಸ್ಸು ಇಳಿಸಾಣ" ಎಂದರು ಮೇಷ್ಟ್ರು. ದಯಾಳು, ಅಣ್ಣನೆಂಬ ಮರ್ಯಾದೆಗೆ ಐದು ತಿಂಗಳು ಉಳಿಸಿದರು.

ತಮ್ಮ ಬಸ್ ಕಂಡಕ್ಟರ್. "ಅಣ್ಣಾ, ನನ್ನ ಡೇಟಿಗೆ ಕೈ ಹಚ್ಚಬ್ಯಾಡ, ನೌಕರಿ ಐತೆ. ನಿಂದೇ ಸುಳ್ಳು ಅಂತ ಬರ್ಕೊಡು" ಎಂದ. ಅವ್ವನನ್ನು ಚಿತ್ರದುರ್ಗದ ನೋಟರಿಯ ಮುಂದೆ ಕೂರಿಸಿದೆ. "ತಾಯಿ, ಮಕ್ಳಿಗೆ ಎಷ್ಟು ಅಂತರ ಐತೆ?" ಎಂದು ಅವರು ಕೇಳಿದರು. ಅವ್ವ ಬೆರಳು ಮಡಿಸಿ, "ಮೂರೂವರೆ ವರ್ಷ ಸ್ವಾಮಿ. ಚಿಕ್ಕೋನ್ದು ಸರಿ ಐತೆ, ಇವಂದೇ ಸುಳ್ಳು" ಎಂದು ಹೆಬ್ಬೆಟ್ಟು ಒತ್ತಿದಳು.

ಅಫಿಡವಿಟ್ಟು ಕೈಗೆ ಬಂತು, ಕಳಿಸಲು ಮನಸ್ಸು ಬರಲಿಲ್ಲ. ಹೆಣ್ಣು ನೋಡಲು ಹೋದಾಗ ನನಗೆ ಮೂವತ್ತೆರಡು ಎಂದು ಹೇಳಿದ್ದೆ, ಗಿರಿಜಾಗೆ ಮೂವತ್ತು ಎಂದಿದ್ದರು. ಈಗ ಅವ್ವನ ಹೆಬ್ಬೆಟ್ಟಿನ ಪ್ರಕಾರ ಆ ದಿನವೇ ನನಗೆ ಮೂವತ್ತೈದಾಗಿತ್ತು. ಮೋಸ ಹೋದೆನೆಂದು ಗಿರಿಜಾ ಅರ್ಜಿಯನ್ನೇ ಹಿಂದಕ್ಕೆ ತೆಗೆದರೆ? ಹೆದರಿ ದಿನ ತಳ್ಳಿದೆ. ಗಡುವಿಗೆ ಹದಿನೈದು ದಿನ ಉಳಿದಾಗ ಎಸ್‌ಟಿಡಿ ಬೂತಿಗೆ ಹೋದೆ.

"ಗಿರಿಜಾ, ನಿಂಗೊಂದು ಮೋಸ ಮಾಡೀನಿ."

"ಯಾರ್ರಿ ಅವ್ಳು?"

"ಯಾರೂ ಇಲ್ಲ ಮಾರಾಯ್ತಿ! ನಂಗೆ ಹೇಳಿದ್ದಕ್ಕಿಂತ ಮೂರು ವರ್ಷ ಜಾಸ್ತಿ ಐತೆ."

"ಅಯ್ಯೋ, ಸದ್ಯ ಬಿಡ್ರಿ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ನಂಗೂ ಮೇಷ್ಟ್ರೇ ಡೇಟು ಹಾಕಿದ್ದು. ಮೂರು ವರ್ಷ ಕಮ್ಮಿ. ನಿಮಗಿಂತ ನಾನೇ ಒಂದು ವರ್ಷ ದೊಡ್ಡೋಳು ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಕಳಿಸ್ರಿ ಮೊದ್ಲು ಅದನ್ನ. ಬಂದ್ಬಿಡ್ರಿ."

ರಿಸೀವರ್ ಇಟ್ಟೆ. "ನಿನಗಿಂತ ಎರಡು ವರ್ಷ ದೊಡ್ಡವನು, ಹೇಳಿದ್ದು ಕೇಳು" ಎಂದು ಎಷ್ಟು ಸಲ ಗದರಿದ್ದೆ! ತಾನೇ ಹಿರಿಯಳೆಂದುಕೊಂಡೂ ತಲೆ ತಗ್ಗಿಸಿ ಕೇಳಿದ್ದಳು. ಬೂತಿನಿಂದ ಹೊರಬಂದು ಲೆಕ್ಕ ಹಾಕಿದೆ. ಇಬ್ಬರ ಸುಳ್ಳನ್ನೂ ತೆಗೆದರೆ ಹೆಣ್ಣು ನೋಡಿದಾಗ ನನಗೆ ಮೂವತ್ತೈದು, ಅವಳಿಗೆ ಮೂವತ್ತಮೂರು. ಸರಿಯಾಗಿ ಎರಡೇ ವರ್ಷ. ಅಂದರೆ ನನ್ನ ಗದರಿಕೆಯೆಲ್ಲ ಕ್ರಮಬದ್ಧವಾಗಿಯೇ ಇತ್ತು! ಇದನ್ನು ಅವಳಿಗೆ ಈಗಲೇ ಹೇಳಬೇಕೆಂದು ಮತ್ತೆ ಬೂತಿನ ಬಾಗಿಲವರೆಗೆ ಹೋದೆ. ನನ್ನನ್ನು ಕರೆಸಿಕೊಳ್ಳಬೇಕಾದವಳು ಅವಳೇ ಎಂಬುದು ಆಗ ನೆನಪಾಯಿತು. ಸುಮ್ಮನೆ ಅಂಚೆ ಕಚೇರಿಗೆ ಹೋಗಿ ಅಫಿಡವಿಟ್ಟನ್ನು ರಿಜಿಸ್ಟರ್ ಮಾಡಿಸಿ ಮನೆಗೆ ಬಂದೆ.