ಬ್ಯಾಟರಿಗೆ ಹೊದಿಸಿದ ಕೌದಿ

ನಮ್ಮ ಸೋದರಮಾವನ ಮನೆಯಲ್ಲಿ ಚಳಿಗಾಲ ಬಂದರೆ ಕೌದಿ ಹೊದೆಯುವ ಮೊದಲ ಹಕ್ಕು ಯಾರದು ಗೊತ್ತೇ? ಮೋಟರ್ ಸೈಕಲ್ಲಿನ ಬ್ಯಾಟರಿಯದು!

ಮಾಮನಿಗೆ ತಂಡಿ ಗಾಳಿ ಬಡಿದರೆ ದಮ್ಮು ಏಳುತ್ತದೆ. ಹಾಗಾಗಿ ದೀಪಾವಳಿ ಮುಗಿದದ್ದೇ ಕಲಬುರಗಿಯ ಬ್ರಹ್ಮಪುರದ ಮನೆಯ ಅಂಗಳದಲ್ಲಿ ಗಾಡಿ ನಿಂತುಬಿಡುತ್ತದೆ, ಶಿವರಾತ್ರಿವರೆಗೆ ಅಲುಗುವುದಿಲ್ಲ. ಬ್ಯಾಟರಿ ಮಾತ್ರ ಮನೆಯೊಳಗೆ ಬರುತ್ತದೆ. ತುದಿಗಳಿಗೆ ವ್ಯಾಸಲೀನ್, ಕೆಳಗೆ ಮಣೆ, ಮೇಲೆ ಕೌದಿ. ಆಗಾಗ ಒಂದಿಷ್ಟು ಚಾರ್ಜು. ಕಲಬುರಗಿಯಲ್ಲಿ ಚಳಿ ಎಂದರೆ ಫ್ಯಾನನ್ನು ಒಂದು ಪಾಯಿಂಟ್ ಇಳಿಸುವುದು, ಅಷ್ಟೇ. ಅದಕ್ಕೆ ಇಷ್ಟು ಉಪಚಾರ!

“ನನ್ನ ಮೊಣಕಾಲಿಗೆ ಎಣ್ಣಿ ಹಚ್ಚೋರಿಲ್ಲ, ಅದಕ್ಕ ವ್ಯಾಸಲೀನ್ ನೋಡ್ರಿ!” ಎಂದು ಅತ್ತೆ.

“ನಿನಗ ಬಾಯಿ ಅದ, ಕೇಳ್ತಿ. ಪಾಪ, ಅದಕ್ಕೇನದ?” ಎಂದು ಮಾಮ.

ನಾನಾಗ ಅವರ ಮನೆಯಲ್ಲೇ ಇದ್ದುಕೊಂಡು ಓದುತ್ತಿದ್ದ ಭೌತಶಾಸ್ತ್ರದ ಎಂ.ಎಸ್ಸಿ. ಸುಮ್ಮನಿರುವುದುಂಟೇ? “ಮಾಮಾ, ಚಾರ್ಜ್ ಮಾಡೋದು ಖರೇ. ಆದ್ರ ಕೌದಿ ಬೆಚ್ಚಗಿಡೋದು ಮೈಯಾಗ ಬಿಸಿ ಇದ್ದೋರಿಗೆ. ಬ್ಯಾಟರಿಗೆ ಬಿಸಿ ಎಲ್ಲದ?”

“ಇಲ್ಲ ಅಂತಲೇ ಹೊಚ್ಚೀನಲ್ಲೋ!”

ಗಾಡಿಯ ಬಗ್ಗೆ ಯಾರೂ ಒಂದು ಮಾತಾಡುವಂತಿರಲಿಲ್ಲ. ಎದುರು ಮನೆಯ ಸಾಹೇಬರು ಒಮ್ಮೆ “ಗಾಡಿ ಸ್ವಲ್ಪ ಕೆಮ್ಮಲಾಕತ್ತದಲ್ರೀ” ಎಂದದ್ದಕ್ಕೆ, ಆ ವರ್ಷ ಅವರು ರಂಜಾನಿಗೆ ಕಳಿಸಿದ ಶೀರ್ ಕುರ್ಮಾ ಪಾಯಸವನ್ನೂ ಮಾಮ ಮುಟ್ಟಲಿಲ್ಲ. ನಾನು ಮುಟ್ಟಿದೆ, ಎರಡು ಬಟ್ಟಲು.

ಅದೇ ಚಳಿಗಾಲ ಜ್ವರ ಬಂದು ನಮ್ಮೂರು ಕಮಲಾಪುರಕ್ಕೆ, ಅವ್ವನ ಹತ್ತಿರ ಹೋಗಿದ್ದೆ. ಪರೀಕ್ಷೆಯ ದಿನ ಬೆಳಗ್ಗೆ ನೋಡಿದರೆ ಬಸ್ಸುಗಳೇ ಇಲ್ಲ, ಮುಷ್ಕರ! ಮಾಮನಿಗೆ ಫೋನು ಮಾಡಿದೆ. “ಇವತ್ತು ತಪ್ಪಿದ್ರ ಒಂದು ವರ್ಷ ಹೋತು, ಮಾಮಾ.”

“ಅಂಗಿ ಹಾಕ್ಕೊಂಡು ನಿಂದರು.” ಫೋನು ಕಟ್.

ಮಂಜು ಕರಗುವ ಮೊದಲೇ ಗಾಡಿ ಬಾಗಿಲಿಗೆ ಬಂತು. ಮಾಮನ ತಲೆಗೆ ಮಂಕಿ ಕ್ಯಾಪು, ಹಿಂದಿನ ಸೀಟಿನಲ್ಲಿ ಕೌದಿ. ಅದನ್ನು ನನಗೆ ಸುತ್ತುತ್ತಾ ಹೇಳಿದ: “ಬ್ಯಾಟರಿ ಗಾಡ್ಯಾಗ ಅದ. ಕೌದಿ ಖಾಲಿ ಇತ್ತು.”

ಪರೀಕ್ಷೆ ಸಿಕ್ಕಿತು, ಪಾಸೂ ಆದೆ. ಬ್ಯಾಟರಿಗೆ ಕೌದಿ ಬೇಕಿಲ್ಲವೆಂದು ನಾನಿಂದು ಅಧಿಕಾರವಾಣಿಯಿಂದ ಹೇಳುತ್ತಿದ್ದರೆ, ಆ ಅಧಿಕಾರ ಕೊಡಿಸಿದ್ದೂ ಅದೇ ಬ್ಯಾಟರಿ!

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಜ್ವರ ಬೇರೆ ಇತ್ತು. ಕೌದಿ ಕೆಂಪಗಿತ್ತೋ ಹಸಿರಾಗಿತ್ತೋ, ಹೇಳಲಾರೆ. ಆದರೆ ದಾರಿಯುದ್ದಕ್ಕೂ ನನ್ನೆದುರಿನ ಬೆನ್ನು ಕೆಮ್ಮಿ ಕೆಮ್ಮಿ ಅಲುಗುತ್ತಿದ್ದದ್ದು ಮಾತ್ರ ಈಗಲೂ ನನ್ನ ಕೈಗಳಿಗೆ ಗೊತ್ತು. ಮೊನ್ನೆ ಕೇಳಿಯೇಬಿಟ್ಟೆ: “ಮಾಮಾ, ಅವತ್ತು ದಾರಿ ತುಂಬ ಕೆಮ್ಮಿದ್ರಿ ಅಲ್ಲ?”

ಮಾಮ ತಿರುಗಿ ನೋಡಲಿಲ್ಲ. ಬ್ಯಾಟರಿಯ ಮೇಲಿನ ಕೌದಿ ಸರಿಪಡಿಸುತ್ತಾ ಹೇಳಿದ:

“ನಾ ಎಲ್ಲಿ ಕೆಮ್ಮೀನೋ? ಗಾಡಿ ಕೆಮ್ಮಿತ್ತು.”