ಬಾಟಲ್ಯಾಗ ಮರ ಬೆಳೆಸಾಕಿ

ದಾಂಡೇಲಿಯ ಅಂಬೇವಾಡಿಯಲ್ಲಿ ನನ್ನದೊಂದು ಸಣ್ಣ ಲ್ಯಾಬು. ದಾಲ್ಚಿನ್ನಿ, ಜಾಯಿಕಾಯಿ ಮರಗಳ ಚಿಗುರಿನ ತುದಿ ಕತ್ತರಿಸಿ, ಗಾಜಿನ ಬಾಟಲಿಯಲ್ಲಿ ಸಕ್ಕರೆ, ಲವಣ ಬೆರೆಸಿದ ಜೆಲ್ಲಿಯೊಳಗೆ ಊರಿ ಸಸಿ ಮಾಡುತ್ತೇನೆ. "ಇದು ಆಗೂ ಮಾತಲ್ಲ" ಎಂದು ಹೇಳಲಿಕ್ಕೆ ವಾರಕ್ಕೊಬ್ಬರಾದರೂ ಬರುತ್ತಾರೆ. ಬರಲಿ. ನಾನೂ ಇಲ್ಲೇ ಇದ್ದೇನೆ.

೧. ನಾಲ್ಕುನೂರು ಮರ

ಓಣಿಯವರು ಯಾರೋ ದೂರು ಕೊಟ್ಟರು. ಫಾರೆಸ್ಟ್ ಗಾರ್ಡ್ ಒಬ್ಬ ಬಂದ.

"ಬಾಯಾರ, ಮನ್ಯಾಗ ದಾಲ್ಚಿನ್ನಿ ಮರ ಇಟ್ಟೀರಂತ?"

"ಹೌದ್ರಿ."

"ಎಷ್ಟು?"

"ನಾಕನೂರು."

ಅವನು ತಕ್ಷಣ ಫೋನು ತೆಗೆದ. "ಸಾಹೇಬ್ರ, ಲಾರಿ ಬೇಕಾಗತೈತಿ!"

ಒಳಗೆ ಕರೆದು ಕಪಾಟು ತೋರಿಸಿದೆ. ಸಾಲು ಸಾಲು ಬಾಟಲಿ, ಒಂದೊಂದರಲ್ಲಿ ಹೆಸರುಕಾಳಿನ ಮೊಳಕೆಯಷ್ಟು ಹಸಿರು. ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದ. ಮತ್ತೆ ಫೋನು.

"ಸಾಹೇಬ್ರ, ಲಾರಿ ಬ್ಯಾಡ್ರಿ. ಕೈಚೀಲದಾಗ ಹಿಡಸತಾವು."

"ಕೈಚೀಲಾನೂ ಒಳಗ ಬಿಡೂದಿಲ್ಲ" ಎಂದು ಪರವಾನಗಿ ಕಾಗದ ಅವನ ಮುಂದೆ ಹಿಡಿದೆ.

೨. ಉಸಿರು

ನಾನು ಸಂತೆಗೆ ಹೋದಾಗ ನಮ್ಮ ಅತ್ತೆ, "ಪಾಪ, ಉಸಿರುಗಟ್ಟಿ ಸಾಯ್ತಾವು" ಎಂದು ಅಷ್ಟೂ ಬಾಟಲಿಗಳ ಮುಚ್ಚಳ ತೆಗೆದಿಟ್ಟರು. ನಾಲ್ಕನೇ ದಿನಕ್ಕೆ ಎಲ್ಲದರಲ್ಲೂ ಅರಳೆಯಂಥ ಬೂಷ್ಟು. ಆರು ತಿಂಗಳ ಕೆಲಸ ತಿಪ್ಪೆಗೆ ಹೋಯಿತು. ಗಂಡ "ಇನ್ನ ಸಾಕು ಬಿಡು" ಅಂದ.

"ಬಿಡೂದಿಲ್ಲ" ಅಂದೆ.

ಮರುದಿನ ಅತ್ತೆಗೇ ಟೊಪ್ಪಿಗೆ, ಮಾಸ್ಕು, ಬಿಳಿ ಕೋಟು ಹಾಕಿಸಿ ಲ್ಯಾಬಿನ ಬಾಗಿಲಲ್ಲಿ ಕಾವಲಿಗೆ ಕೂರಿಸಿದೆ. ಮಧ್ಯಾಹ್ನ ಒಳಗೆ ಹೊರಟರೆ ಕೋಲು ಅಡ್ಡ ಬಂತು.

"ಕೈ ತೊಳಕೊಂಡಿಯೇನ?"

"ಹೂಂನ್ರಿ ಅತ್ತಿ."

"ನಾ ನೋಡಿಲ್ಲ. ಮತ್ತ ತೊಳಿ."

೩. ಎಲ್ಲಾ ಹೆಣ್ಣು

ನನ್ನ ಮೂರನೇ ಮಗಳ ತೊಟ್ಟಿಲ ದಿನ ಸಾಂಬ್ರಾಣಿ ಊರಿನ ಹಿರಿಯರೊಬ್ಬರು ಎಲ್ಲರೆದುರು ನಿಟ್ಟುಸಿರು ಬಿಟ್ಟಿದ್ದರು: "ಮತ್ತ ಹೆಣ್ಣ ಆತಲ್ಲ ತಂಗಿ." ಮೊನ್ನೆ ಅವರೇ, ಹೆಂಡತಿಯನ್ನು ಕರೆದುಕೊಂಡು ಜಾಯಿಕಾಯಿ ಸಸಿಗೆ ಬಂದರು.

"ಬೀಜ ಹಾಕಿ ಏಳ ವರ್ಷ ಜ್ವಾಪಾನ ಮಾಡಿದೆ. ಅರ್ಧಕ್ಕರ್ಧ ಗಂಡಾಗ್ಯಾವು! ಒಂದ ಕಾಯಿ ಬಿಡೂದಿಲ್ಲ. ನನಗ ಎಲ್ಲಾ ಹೆಣ್ಣ ಕೊಡು."

"ಹೆಣ್ಣು ಮರದ ಚಿಗುರಿಂದ ಮಾಡಿದ್ದು ಹೆಣ್ಣ ಆಗತೈತ್ರಿ. ಆದ್ರ ಅದನ್ನ ಇನ್ನೊಮ್ಮೆ ಜೋರಾಗಿ ಹೇಳ್ರಿ. ಒಳಗ ನನ್ನ ಮೂರೂ ಹುಡಿಗ್ಯಾರು ಕೇಳ್ಲಿ."

ಹಿರಿಯರು ಕೆಮ್ಮಿದರು. ರುಮಾಲು ಸರಿಮಾಡಿಕೊಂಡರು. ನಾನು ಸಸಿ ಮುಟ್ಟಲೇ ಇಲ್ಲ. ಕೊನೆಗೆ, "ಎಲ್ಲಾ ಹೆಣ್ಣ ಬೇಕವ್ವಾ!" ಎಂದು ಕೂಗಿದರು. ಒಳಗಿಂದ ಕಿಸಕ್ಕನೆ ನಗು ಬಂತು.

"ಆದ್ರ ಹತ್ತು ಹೆಣ್ಣಿಗೆ ಒಂದರ ಗಂಡು ಬೇಕ್ರಿ, ಕಾಯಿ ಕಟ್ಟಾಕ" ಅಂದೆ.

ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಹೇಳಿದರು: "ಅದೊಂದು ನಮ್ಮನ್ಯಾಗ ಐತಿ ಬಿಡವ್ವಾ. ನಲವತ್ತು ವರ್ಷದಿಂದ ನೀರ ಹಾಕಾಕತ್ತೇನಿ. ಬರೇ ನೆರಳು."